ಮೇಳಕ್ಕೆ ಒಯ್ದ ಹಸಿ ಬತ್ತಿ

ನಮ್ಮ ಕಾರ್ಖಾನೆಯ ಎಣಿಕೆ ಯಂತ್ರ ಹೊರಗಿನವರ ಎದುರು ಒಂದು ಸಲವೂ ತಪ್ಪಲಿಲ್ಲ. ನಾವು ನಾವೇ ಇದ್ದಾಗ ಮಾತ್ರ ತಪ್ಪುತ್ತಿತ್ತು. ನೆಂಟರ ಮುಂದೆ ಕೈಕಟ್ಟಿ ಕೂತು, ಅವರು ಹೊಸ್ತಿಲು ದಾಟಿದ ಕೂಡಲೇ ಮನೆಯನ್ನು ರಣರಂಗ ಮಾಡುವ ಮಕ್ಕಳಿರುತ್ತಾರಲ್ಲ, ಹಾಗೆ. ಆ ಯಂತ್ರವನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೈಸೂರಿನ ಬಳಿಯ ಕಡಕೊಳದ ಕೈಗಾರಿಕಾ ಪ್ರದೇಶದ ಒಂದು ಊದುಬತ್ತಿ ಕಾರ್ಖಾನೆಯಲ್ಲಿ ನಿರ್ವಹಣಾ ವಿಭಾಗ ಎಂದು ಬೋರ್ಡು ಇರುವ ಕೋಣೆಯಲ್ಲಿ ನಾನು, ನನ್ನ ಟೂಲ್ ಬಾಕ್ಸ್ ಮತ್ತು ಒಂದು ಮಲ್ಟಿಮೀಟರ್ ಇಷ್ಟೇ ಇರುವುದು.

ಯಂತ್ರ ಹೀಗೇಕೆ ಮಾಡುತ್ತಿತ್ತು ಎಂಬುದು ಗುಟ್ಟೇನಲ್ಲ. ಬಿದಿರಿನ ಕಡ್ಡಿಗೆ ಕಪ್ಪು ಹಿಟ್ಟು ಮೆತ್ತಿ ಒಣಗಿಸಿದರೆ ಕಚ್ಚಾ ಬತ್ತಿ. ಅದಕ್ಕೆ ಯಾವ ವಾಸನೆಯೂ ಇಲ್ಲ. ಸುಗಂಧದ ಎಣ್ಣೆಯಲ್ಲಿ ಅದ್ದಿ ತೆಗೆದರೆ ಹಸಿ ಬತ್ತಿ. ನಮ್ಮಲ್ಲಿ ಅದ್ದಿದ ದಿನವೇ ಎಣಿಸಿ ಪೊಟ್ಟಣ ಮಾಡುವುದು ರೂಢಿ. ಕಚ್ಚಾ ಬತ್ತಿ ಒಂದೊಂದಾಗಿ ಜಾರಿಕೊಂಡು ಸೆನ್ಸರಿನ ಬೆಳಕಿನ ಗೆರೆಯನ್ನು ದಾಟುತ್ತದೆ, ಯಂತ್ರ ಸರಿಯಾಗಿ ಎಣಿಸುತ್ತದೆ. ಹಸಿ ಬತ್ತಿ ಜೋಡಿ ಜೋಡಿಯಾಗಿ ಅಂಟಿಕೊಂಡು ದಾಟುತ್ತದೆ, ಎರಡನ್ನು ಒಂದೆಂದು ಯಂತ್ರ ಲೆಕ್ಕ ಹಿಡಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ಸೆನ್ಸರಿನ ಕಣ್ಣಿನ ಮೇಲೆ ಎಣ್ಣೆಯ ಪೊರೆ ಕಟ್ಟಿ, ಕಡ್ಡಿ ಇಲ್ಲದಿದ್ದರೂ ಇದೆ ಎನ್ನಲು ಶುರುಮಾಡುತ್ತದೆ. ಒಂದು ಪೊಟ್ಟಣದಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಮ್ಮಿ.

ಹಾಗಾದರೆ ಯಂತ್ರ ಕೊಂಡದ್ದಾದರೂ ಹೇಗೆ ಎಂದು ನೀವು ಕೇಳಬಹುದು. ಕಳೆದ ವರ್ಷ ಆಟೊಮೇಷನ್ ಮೇಳದಲ್ಲಿ ಇದೇ ಯಂತ್ರವನ್ನು ನೋಡಿ, ನಮ್ಮ ಬತ್ತಿಯನ್ನೇ ಹಾಕಿ ಪರೀಕ್ಷೆ ಮಾಡಿಸಿಯೇ ಕೊಂಡೆವು. ಆದರೆ ಪರೀಕ್ಷೆಗೆ ಒಯ್ದದ್ದು ಕಚ್ಚಾ ಬತ್ತಿ. ಏಕೆಂದರೆ ನಮ್ಮ ಮಾಲೀಕರಿಗೆ ಎಣ್ಣೆಯ ಮಿಶ್ರಣ ಪ್ರಾಣ. ಅವರ ತಂದೆ ಕಲಸಿಕೊಟ್ಟ ಮಿಶ್ರಣ ಅದು. ಅದ್ದುವ ಕೋಣೆಯ ಬೀಗದ ಕೈ ಅವರ ಸೊಂಟದಲ್ಲೇ ಇರುತ್ತದೆ. "ಅಂಗಡೀಲಿ ಮಾರೋ ಬತ್ತಿ ಬೇರೆ, ಅದು ಆರಿರುತ್ತೆ. ಹಸಿ ಬತ್ತಿ ಸಿಕ್ಕಿದ್ರೆ ಮೂಗು ಬಲ್ಲೋನು ಒಂದೊಂದು ಎಣ್ಣೇನೂ ಬಿಡಿಸಿ ಹೇಳ್ಬಿಡ್ತಾನೆ" ಎಂಬುದು ಅವರ ಸಿದ್ಧಾಂತ. ಊದುಬತ್ತಿಯ ದಂಧೆಯಲ್ಲಿ ಎಲ್ಲರ ಸಿದ್ಧಾಂತವೂ ಹೆಚ್ಚುಕಮ್ಮಿ ಇದೇ. ಒಬ್ಬರ ಕಾರ್ಖಾನೆಯೊಳಕ್ಕೆ ಇನ್ನೊಬ್ಬರು ಕಾಲಿಡುವುದಿಲ್ಲ.

ಯಂತ್ರ ಕೈಕೊಟ್ಟ ಮೇಲೆ ತಯಾರಕರ ಕಡೆಯಿಂದ ಸರ್ವಿಸ್ ಎಂಜಿನಿಯರ್ ಬಂದರು. ಅವರನ್ನು ಹೊರಗಿನ ಕೋಣೆಯಲ್ಲಿ ಕೂರಿಸಿ, ಯಂತ್ರವನ್ನೇ ಅಲ್ಲಿಗೆ ತಳ್ಳಿಕೊಂಡು ಹೋಗಿ, ಕಚ್ಚಾ ಬತ್ತಿ ಕೊಟ್ಟೆವು. ಯಂತ್ರ ಒಂದೂ ತಪ್ಪದೆ ಎಣಿಸಿತು. ಅವರು ನನ್ನ ಮುಖ ನೋಡಿದರು, ನಾನು ಸೀಲಿಂಗ್ ಫ್ಯಾನ್ ನೋಡಿದೆ. ಕಾಫಿ ಕುಡಿದು, ಯಂತ್ರ ಸರಿಯಿದೆ ಎಂದು ಹೇಳಿ ಹೊರಟುಹೋದರು. ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಅವರ ದನಿಯಲ್ಲಿ, ಕುಣಿಯಲಾರದವಳು ನೆಲ ಡೊಂಕು ಅಂತಿದ್ದಾಳೆ ಎಂಬ ಭಾವ ನನಗೆ ಕೇಳಿಸುತ್ತಿತ್ತು. ನನಗೆ ಗೊತ್ತಿದ್ದದ್ದನ್ನು ಹೇಳುವ ಹಾಗಿರಲಿಲ್ಲ. ಬತ್ತಿಯನ್ನು ಮುಂದಕ್ಕೆ ಅಲುಗಿಸುವ ಕಂಪನದ ವೇಗ ಇಳಿಸಿದೆ, ಅದು ಇಳಿಯುವ ಜಾರುದಾರಿಗೆ ನುಣುಪು ಹಾಳೆ ಅಂಟಿಸಿದೆ, ಸೆನ್ಸರಿನ ಕಣ್ಣನ್ನು ಹತ್ತಿಯಿಂದ ಒರೆಸಿ ಒರೆಸಿ ಬೆರಳೇ ಸವೆಯಿತು.

ಅಷ್ಟರಲ್ಲಿ ನಮ್ಮ ದೊಡ್ಡ ಗಿರಾಕಿ ಎರಡನೇ ಸಲ ಸರಕು ವಾಪಸು ಕಳಿಸಿದರು. ಪೊಟ್ಟಣದಲ್ಲಿ ಕಡ್ಡಿ ಕಮ್ಮಿ ಎಂಬುದೇ ದೂರು. ಮಾಲೀಕರು ಪ್ಯಾಕಿಂಗ್ ವಿಭಾಗದ ಹೆಂಗಸರನ್ನೆಲ್ಲ ಕರೆದು ತಲೆ ತಗ್ಗಿಸಿಕೊಂಡೇ ಹೇಳಿದರು: ಕೈಯಲ್ಲಿ ಎಣಿಸಿ ಇಷ್ಟು ಸರಕು ಪೂರೈಸಲಾಗುವುದಿಲ್ಲ, ಹೊರ ಊರಿನ ಗುತ್ತಿಗೆದಾರರೊಬ್ಬರ ಹತ್ತಿರ ದೊಡ್ಡ ಯಂತ್ರಗಳಿವೆಯಂತೆ, ಅವರು ಊದುಬತ್ತಿ ದಂಧೆಯವರಲ್ಲ, ಮೂಗಿನ ಭಯವಿಲ್ಲ, ಪ್ಯಾಕಿಂಗ್ ಕೆಲಸ ಇನ್ನು ಮೇಲೆ ಅಲ್ಲಿಗೆ ಹೋಗುತ್ತದೆ, ಈ ತಿಂಗಳ ಕೊನೆಯ ಶನಿವಾರ ನಿಮ್ಮ ಕೊನೆಯ ದಿನ. ಸುತ್ತಲ ಹಳ್ಳಿಗಳಿಂದ ಬರುವ ಹೆಂಗಸರು ಅವರು. ಆ ಕೆಲಸದ ಮೇಲೆ ಮಕ್ಕಳನ್ನು ಓದಿಸಿದವರು. ಅವರಲ್ಲಿ ಹಿರಿಯಳಾದ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದೆವು. ಆಕೆ ಅವತ್ತು ಮೇಜು ಒರೆಸುತ್ತಾ ನಿಂತಿದ್ದಳು. ನನ್ನ ಯಂತ್ರ ಎಣಿಸಲಾರದ್ದಕ್ಕೆ ಇವರು ಮನೆಗೆ ಹೋಗಬೇಕಲ್ಲ ಎಂದು ನನಗೆ ಎರಡು ದಿನ ಅನ್ನ ಸೇರಲಿಲ್ಲ.

ಆ ತಿಂಗಳಲ್ಲೇ ಮೈಸೂರಿನ ರಿಂಗ್ ರಸ್ತೆಯ ಬದಿಯ ಸಭಾಂಗಣದಲ್ಲಿ ಈ ವರ್ಷದ ಆಟೊಮೇಷನ್ ಮೇಳ ಬಂತು. ಮೂರು ದಿನದ್ದು. ಬೇರೆ ಏನಾದರೂ ಅಗ್ಗದ ಸೆನ್ಸರ್ ಸಿಕ್ಕೀತೇನೋ ನೋಡಿ ಬಾ ಎಂದು ಮಾಲೀಕರು ಮೊದಲ ದಿನ ನನ್ನನ್ನು ಕಳಿಸಿದರು. ಚೀಲದಲ್ಲಿ ಮತ್ತದೇ ಕಚ್ಚಾ ಬತ್ತಿ.

ಮೇಳದಲ್ಲಿ ಹೇಗೆ ಓಡಾಡಬಾರದು ಎಂದು ಯಾರಿಗಾದರೂ ತೋರಿಸಬೇಕಿದ್ದರೆ ಆ ದಿನದ ನನ್ನನ್ನು ತೋರಿಸಬಹುದಿತ್ತು. ಬಾಗಿಲಲ್ಲಿ ಕೊಟ್ಟ ಬಟ್ಟೆ ಚೀಲಕ್ಕೆ ಸಿಕ್ಕ ಸಿಕ್ಕ ಕ್ಯಾಟಲಾಗ್ ತುಂಬಿದೆ. ಹೂದಾನಿಯಿಂದ ಹೂವೆತ್ತಿ ಇನ್ನೊಂದು ಹೂದಾನಿಗೆ ಇಡುವ ರೋಬೋಟಿನ ಕೈಯನ್ನು ಬಾಯಿಬಿಟ್ಟುಕೊಂಡು ನೋಡಿದೆ. ಯಾರೇ "ಏನ್ ಮೇಡಂ, ನಿಮ್ಮ ಅಪ್ಲಿಕೇಷನ್ ಏನು, ಯಾವ ಕೆಲಸಕ್ಕೆ ಬೇಕು?" ಎಂದರೆ "ಸುಮ್ಮನೆ ನೋಡೋಕ್ ಬಂದೆ" ಎಂದು ಮುಂದೆ ಸಾಗಿದೆ. ಸೆನ್ಸರಿನವರ ಮಳಿಗೆಯಲ್ಲಿ ಧೈರ್ಯ ಮಾಡಿ ಕಚ್ಚಾ ಬತ್ತಿ ತೆಗೆದೆ. ಅವರು ಹಾಕಿದ ಎಲ್ಲ ಸೆನ್ಸರೂ ಅದನ್ನು ಸರಿಯಾಗಿ ಹಿಡಿದವು. ಅವರಿಗೆ ಸಂತೋಷ, ನಾನು ಬತ್ತಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ಸಂಜೆ ಬಸ್ಸಿನಲ್ಲಿ ಮಂಡಕಳ್ಳಿ ದಾಟುವಾಗ ಆ ಕ್ಯಾಟಲಾಗಿನ ಭಾರಕ್ಕೆ ತೊಡೆ ನೋಯುತ್ತಿತ್ತು, ತಲೆಯಲ್ಲಿ ಮಾತ್ರ ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ನೇರ ಮಾಲೀಕರ ಕೋಣೆಗೆ ಹೋಗಿ, ಹಸಿ ಬತ್ತಿ ಕೊಡಿ, ಇಲ್ಲದಿದ್ದರೆ ನಾನು ಮೇಳಕ್ಕೆ ಹೋಗುವುದಿಲ್ಲ ಎಂದೆ. ನನಗೆ ಸಿಟ್ಟು ಬಂದರೆ ದನಿ ಏರುತ್ತದೆ, ಅದು ನನ್ನ ಜಾಯಮಾನ. ಅವರು ಆಗುವುದಿಲ್ಲ ಎಂದರು. ಅಲ್ಲಿ ಮೇಟಗಳ್ಳಿಯ ಊದುಬತ್ತಿಯವರು ಇರುತ್ತಾರೆ, ಮಂಡಿ ಮೊಹಲ್ಲಾದವರು ಇರುತ್ತಾರೆ, ಎಲ್ಲರ ಮೂಗಿನ ಕೆಳಗೆ ಒಯ್ದು ಹಿಡಿಯುತ್ತೀರಾ ಎಂದರು. ಬೇಕಿದ್ದರೆ ಕಡಿಮೆ ದರ್ಜೆಯ ಮಲ್ಲಿಗೆ ಬತ್ತಿ ಒಯ್ಯಿರಿ ಎಂದರು. ಅದಕ್ಕೆ ಹಚ್ಚುವ ಎಣ್ಣೆಯೇ ಕಮ್ಮಿ, ಅದು ಅಂಟುವುದೇ ಇಲ್ಲ, ಅದನ್ನು ತೋರಿಸಿ ಏನು ಪ್ರಯೋಜನ ಎಂದೆ.

ನಾನು ಬಾಗಿಲು ಹಾಕಿರಲಿಲ್ಲ. ದೊಡ್ಡಕ್ಕ ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಒಳಗೆ ಬಂದು ಸೆರಗು ಸರಿಮಾಡಿಕೊಂಡು ಮೆಲ್ಲಗೆ ಹೇಳಿದಳು: "ಸಾರ್, ಒಟ್ಟೆನೋವು ಅನ್ನಕ್ಕೆ ನಾಚ್ಕೊಂಡು ಡಾಕುಟ್ರತ್ರ ನೆಗಡಿ ಅಂದ್ರೆ, ಅವ್ರು ನೆಗಡಿ ಮಾತ್ರೆನೇ ಕೊಡ್ತಾರೆ. ಓದ್ ವರ್ಸ ಅದೇ ಕೊಟ್ರು. ಇವತ್ತೂ ಅದೇ ಈಸ್ಕೊಂಡ್ ಬರ್ತಾರೆ ಈವಮ್ಮ."

ಮಾಲೀಕರು ಸೊಂಟದ ಬೀಗದ ಕೈ ಮುಟ್ಟಿಕೊಂಡರು. "ಗುಟ್ಟು ಹೋದ್ರೆ ಏನ್ ಉಳಿಯುತ್ತೆ ಹೇಳಿ ನಮ್ಮ ಹತ್ರ?"

"ನಾವೇ ಓದ್ರೆ ಗುಟ್ಟು ಮಡಿಕೊಂಡು ಏನ್ ಮಾಡೀರಿ ಸಾರ್?" ಎಂದಳು ಅವಳು. ಕೆಣಕುವ ದನಿಯಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದು ಕೇಳಿದ ಹಾಗಿತ್ತು.

ಅವರೇ ಎದ್ದು ಹೋಗಿ ಬೀಗ ತೆಗೆದು, ಬೆಳಗಿನ ಹಸಿ ಬತ್ತಿಯನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಸುತ್ತಿ, ಮತ್ತೂ ಒಂದು ಸುತ್ತಿ ನನ್ನ ಕೈಗಿಟ್ಟರು. ಹೆಣ್ಣೊಪ್ಪಿಸಿಕೊಡುವಾಗ ಅಪ್ಪಂದಿರ ಮುಖ ಹೇಗಿರುತ್ತದೋ ಅವರ ಮುಖ ಹಾಗಿತ್ತು. ಆ ಗಳಿಗೆಗೆ ನಾನು ಇಂದಿಗೂ ಅವರಿಗೆ ಋಣಿ. ಅದು ಅವರಿಗೆ ಸುಲಭವಾಗಿರಲಿಲ್ಲ.

ಎರಡನೇ ದಿನ ನಾನು ಯಾವ ರೋಬೋಟಿನ ಕಡೆಗೂ ಕಣ್ಣು ಹಾಯಿಸಲಿಲ್ಲ. ನಮ್ಮ ಯಂತ್ರ ತಯಾರಿಸಿದವರ ಮಳಿಗೆಗೇ ಹೋದೆ. ಕಳೆದ ವರ್ಷ ನಮ್ಮಲ್ಲಿಗೆ ಬಂದು ಹೋಗಿದ್ದ ಅದೇ ಸರ್ವಿಸ್ ಎಂಜಿನಿಯರ್ ನಿಂತಿದ್ದರು. ನನ್ನನ್ನು ಕಂಡು ಅವರ ನಗು ಅರ್ಧಕ್ಕೇ ನಿಂತಿತು. "ಸಾರ್, ಅವತ್ತು ನಿಮಗೆ ತೋರಿಸಿದ್ದು ಕಚ್ಚಾ ಬತ್ತಿ. ನಾವು ದಿನಾ ಹಾಕೋದು ಇದು" ಎಂದು ಪೊಟ್ಟಣ ಬಿಚ್ಚಿದೆ.

ವಾಸನೆ ಎದ್ದಿತು ನೋಡಿ. ಗ್ರೀಸು, ಹೊಸ ಪೇಂಟು, ಬಿಸಿಯಾದ ವೈರುಗಳ ಆ ಸಭಾಂಗಣದಲ್ಲಿ ಗಂಧ, ಕೇದಗೆ, ಇನ್ನೂ ಏನೇನೋ. ಅಕ್ಕಪಕ್ಕದ ಮಳಿಗೆಗಳವರೆಲ್ಲ ಕತ್ತು ಹೊರಳಿಸಿದರು. ಯಾರೋ ಕಣ್ಣು ಮುಚ್ಚಿ ಕೈಮುಗಿದರು ಕೂಡ.

ಎಂಜಿನಿಯರ್ ಬತ್ತಿಯನ್ನು ಪ್ರದರ್ಶನದ ಯಂತ್ರಕ್ಕೆ ಹಾಕಿದರು. ಅಂಟಿಕೊಂಡವು, ಜೋಡಿಯಾಗಿ ಬಿದ್ದವು, ಪರದೆಯ ಮೇಲಿನ ಲೆಕ್ಕ ಒಂದು, ತಟ್ಟೆಯಲ್ಲಿದ್ದದ್ದು ಇನ್ನೊಂದು. ಹೊಳೆಯುತ್ತಿದ್ದ ಅವರ ಜಾರುದಾರಿಗೆಲ್ಲ ಕಪ್ಪು ಎಣ್ಣೆ. ಮಳಿಗೆಯ ಮ್ಯಾನೇಜರ್ ಹುಬ್ಬು ಗಂಟಿಕ್ಕಿದರು. ಎಂಜಿನಿಯರ್ ಮಾತ್ರ ಅಂಗಿಯ ತೋಳು ಮಡಿಸಿ, ಸೆನ್ಸರನ್ನು ಓರೆ ಮಾಡಿ ನೋಡಿದರು, ಕಡ್ಡಿ ಕಡ್ಡಿಯ ನಡುವಿನ ಅಂತರ ಹೆಚ್ಚಿಸಿ ನೋಡಿದರು, ಗಾಳಿ ಊದಿ ಬಿಡಿಸಲು ನೋಡಿದರು. ಆಗಲಿಲ್ಲ. ಕೊನೆಗೆ ಕೈ ಒರೆಸಿಕೊಂಡು, "ಮೇಡಂ, ಇದನ್ನ ಕೊಳ್ಳೋ ಮುಂಚೇನೇ ತೋರ್ಸಿದ್ರೆ ನಾನು ಈ ಯಂತ್ರ ಬೇಡ ಅಂತಿದ್ದೆ ಕಣ್ರೀ. ಇಷ್ಟು ಜಿಗುಟಿಗೆ ಕ್ಯಾಮೆರಾ ಬೇಕು, ತೂಕದ ಯಂತ್ರ ಬೇಕು. ಅದು ನಿಮ್ಮ ಕಾರ್ಖಾನೆಗಿಂತ ದೊಡ್ಡದಾಗುತ್ತೆ" ಎಂದರು. ಅವರ ಪ್ರಾಮಾಣಿಕತೆಗೆ ಧನ್ಯವಾದ ಹೇಳಿದೆ. ಗುಟ್ಟೂ ಹೋಯಿತು, ಕೆಲಸವೂ ಆಗಲಿಲ್ಲ ಎಂದುಕೊಂಡು ಟೀ ಕೊಡುವ ಕಡೆ ಹೋಗಿ ಸಾಲಿನಲ್ಲಿ ನಿಂತೆ. ಕಣ್ಣಲ್ಲಿ ನೀರು ಬರುವ ಹಾಗಿತ್ತು.

"ಅಮ್ಮಾ, ಆ ಬತ್ತಿ ನಿಮ್ದಾ?"

ಹಿಂದೆ ನಿಂತಿದ್ದವರು ಕೇಳಿದರು. ಬಿಳಿ ಅಂಗಿ, ಜೇಬಿನಲ್ಲಿ ಕನ್ನಡಕ, ವಯಸ್ಸಾದವರು. ಕೊರಳ ಗುರುತುಚೀಟಿಯಲ್ಲಿ ಮೇಟಗಳ್ಳಿಯ ಊದುಬತ್ತಿ ಕಾರ್ಖಾನೆಯ ಹೆಸರೂ ಅವರ ಹುದ್ದೆಯೂ ಕಂಡವು. ನಮ್ಮ ಮಾಲೀಕರು ಯಾರ ಮೂಗಿಗೆ ಹೆದರುತ್ತಿದ್ದರೋ ಅವರೇ, ಆ ಕಾರ್ಖಾನೆಯ ಸುಗಂಧ ವಿಭಾಗದ ಮುಖ್ಯಸ್ಥರು. ನಾನು ಪೊಟ್ಟಣವನ್ನು ಎದೆಗೆ ಅವುಚಿಕೊಂಡೆ.

"ಬಚ್ಚಿಟ್ಕೊಬೇಡಿ ಬುಡಿ. ಕಡಕೊಳದವ್ರು ನೀವು. ನಮ್ಮನೆ ದೇವ್ರ್ ಮುಂದೆ ಉರಿಯೋದೂ ನಿಮ್ದೇ. ನಮ್ ಕಡ್ಡಿ ಅಚ್ಚಿದ್ರೆ ನಂಗೆ ಡ್ಯೂಟೀಲಿ ಕೂತಂಗಾಗ್ತದೆ" ಎಂದು ನಕ್ಕರು. ನನಗೂ ನಗು ಬಂತು, ಜೊತೆಗೇ ತಡೆದಿದ್ದ ಕಣ್ಣೀರೂ ಬಂತು. ಅವರು ಟೀ ತಂದುಕೊಟ್ಟು, ಕುರ್ಚಿ ಎಳೆದು ಕೂರಿಸಿದರು. ನಾನು ಎಲ್ಲವನ್ನೂ ಹೇಳಿದೆ. ಗುತ್ತಿಗೆದಾರನ ವಿಷಯ, ಶನಿವಾರದ ವಿಷಯ, ದೊಡ್ಡಕ್ಕ ಹೇಳಿದ್ದು. ಎದುರಾಳಿಯ ಮುಂದೆ ಇಷ್ಟು ಬಾಯಿಬಿಡಬಾರದು ಎಂದು ಗೊತ್ತಿದ್ದೂ ಹೇಳಿದೆ.

ಅವರು ಲೋಟ ಕೆಳಗಿಟ್ಟು, "ಅದ್ದಿದ್ ಮೇಲೆ ಎಣಿಸ್ತೀರಾ?" ಎಂದರು.

"ಮತ್ತೆ? ಪ್ಯಾಕಿಂಗ್ ಹೊತ್ತಲ್ಲಿ ತಾನೇ ಎಣಿಸೋದು?"

"ನಾವು ಎಣಿಸಿ ಅದ್ತೀವಿ ಕಣಮ್ಮ."

ಎಣಿಸುವುದು ಪ್ಯಾಕಿಂಗಿನ ಕೆಲಸ, ಪ್ಯಾಕಿಂಗ್ ಅದ್ದಿದ ಮೇಲಿನ ಕೆಲಸ. ಹೀಗೆಂದು ಯಾರು ಯಾವಾಗ ಹೇಳಿದರೋ, ನಮ್ಮಲ್ಲಿ ಒಬ್ಬರೂ ಅದನ್ನು ಮರುಪ್ರಶ್ನೆ ಮಾಡಿರಲಿಲ್ಲ. ಕಚ್ಚಾ ಬತ್ತಿಯನ್ನು ಒಂದೂ ತಪ್ಪದೆ ಎಣಿಸುವ ಯಂತ್ರ ವರ್ಷದಿಂದ ನಮ್ಮ ಮನೆಯಲ್ಲೇ ಕೂತಿತ್ತು. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವರು ನಾವು.

ಅವರು ಪೊಟ್ಟಣದಿಂದ ಒಂದು ಹಿಡಿ ಬತ್ತಿ ತೆಗೆದುಕೊಂಡು ತೋರಿಸಿದರು. ಒಂದು ಪೊಟ್ಟಣಕ್ಕೆಷ್ಟೋ ಅಷ್ಟು ಎಣಿಸಿದ ಕಚ್ಚಾ ಬತ್ತಿಯನ್ನು ಹಿಟ್ಟಿಲ್ಲದ ಬಿದಿರಿನ ತುದಿಯಲ್ಲಿ ಹತ್ತಿ ನೂಲಿನಿಂದ ಕಟ್ಟಬೇಕು. ರಬ್ಬರ್ ಬ್ಯಾಂಡ್ ಕೂಡದು, ಎಣ್ಣೆಗೆ ಅದು ಸಡಿಲವಾಗುತ್ತದೆ. ಕಟ್ಟನ್ನು ತಲೆಕೆಳಗಾಗಿ ಅದ್ದಬೇಕು. "ಅದ್ದೋ ಮುಂಚೆ ಇಂಗೆ ಒಂದ್ಸಲ ತಿರುಚಿ, ಊವಿನಂಗೆ ಅರಳ್ತದೆ. ಇಲ್ದಿದ್ರೆ ನಡುವಿನ ಕಡ್ಡಿಗೆ ಎಣ್ಣೆ ಓಗಲ್ಲ, ಗಿರಾಕಿ ಬೈತಾನೆ." ಇದು ಅವರ ಕಾರ್ಖಾನೆಯ ಗುಟ್ಟು. ನನಗೆ ಅದು ಅರ್ಥವಾಗದೆ ಇರಲಿಲ್ಲ.

"ಇದನ್ನೆಲ್ಲ ನನಗೆ ಯಾಕೆ ಹೇಳ್ತಿದೀರಿ ಸಾರ್?" ಎಂದೆ.

"ಇವತ್ತು ನಿಮ್ ಪ್ಯಾಕಿಂಗ್ ಎತ್ಕೊಂಡೋದೋನು ನಾಳೆ ನಮ್ದನ್ನೂ ಕೇಳ್ತಾನೆ. ನಮ್ಮಲ್ಲೂ ಎಣ್ಮಕ್ಳು ಅವ್ರೆ" ಎಂದರು. ಆಮೇಲೆ ಲೋಟ ಎತ್ತಿಕೊಂಡು, "ನೀವು ಪೊಟ್ಟಣ ಬಿಚ್ಚಿದ್ರಲ್ಲ, ಅದಕ್ಕೂ ಅನ್ಕೊಳಿ" ಎಂದರು.

ಮಾಲೀಕರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬೈಯುತ್ತಾರೆಂದು ಕಾದೆ. "ಅಲ್ಲೇ ಇರಿ" ಎಂದು ಇಟ್ಟುಬಿಟ್ಟರು. ಮಧ್ಯಾಹ್ನದ ಊಟದ ಹೊತ್ತಿಗೆ ಸ್ವತಃ ಬಂದರು. ಒಂದೇ ಊರಲ್ಲಿ ಒಂದೇ ದಂಧೆ ಮಾಡಿಕೊಂಡು ಮದುವೆ ಮನೆಗಳಲ್ಲಿ ಮುಖ ತಿರುಗಿಸಿಕೊಳ್ಳುತ್ತಿದ್ದ ಇಬ್ಬರು, ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಎದುರುಬದುರು ಕೂತರು. ಮೊದಲು ಹವೆಯ ಮಾತು, ಆಮೇಲೆ ಬಿದಿರಿನ ಬೆಲೆಯ ಮಾತು. ಬಹಳ ಹೊತ್ತಿನ ಮೇಲೆ ನಮ್ಮ ಮಾಲೀಕರು, "ಅದ್ದಿದ ಮೇಲೆ ಎಷ್ಟು ಹೊತ್ತು ಸೋರೋಕೆ ಬಿಡ್ತೀರಿ?" ಎಂದು ಕೇಳಿದರು. ಅವರು ಕೇಳಿದ್ದನ್ನು ನೋಡಿ ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು. ಏಳುವಾಗ ಯಂತ್ರದ ಮಳಿಗೆಗೆ ಹೋಗಿ ಎಂಜಿನಿಯರಿಗೆ, "ಮೇಳ ಮುಗಿದ ಮೇಲೆ ನಮ್ಮ ಕಾರ್ಖಾನೆಗೆ ಬನ್ನಿ. ಈ ಸಲ ಒಳಗೆ" ಎಂದರು.

ಎಂಜಿನಿಯರ್ ಬಂದರು. ಯಂತ್ರವನ್ನು ಪ್ಯಾಕಿಂಗ್ ವಿಭಾಗದಿಂದ ಕಿತ್ತು ಅದ್ದುವ ಕೋಣೆಯ ಹಿಂದಿನ ಒಣಗಿಸುವ ಹಾಲ್‌ನಲ್ಲಿ ಕೂರಿಸಿದೆವು. ಕಚ್ಚಾ ಬತ್ತಿಗೆ ಅದರದೇ ತಂಟೆ ಇತ್ತು: ಕಪ್ಪು ಹಿಟ್ಟಿನ ಧೂಳು. ದಿನವಿಡೀ ಓಡಿಸಿದರೆ ಅದೂ ಸೆನ್ಸರಿನ ಕಣ್ಣು ಮುಚ್ಚುತ್ತಿತ್ತು. ಕಂಪ್ರೆಸರಿನಿಂದ ಸಣ್ಣ ನಳಿಗೆ ಎಳೆದು, ಪ್ರತಿ ಕಟ್ಟು ಬಿದ್ದ ಕೂಡಲೇ ಸೆನ್ಸರಿನ ಮೇಲೆ ಒಂದು ಉಸಿರು ಗಾಳಿ ಊದುವ ಹಾಗೆ ಮಾಡಿದೆವು. ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಅವರು ಹೇಳಿಕೊಟ್ಟರು, ಬರೆದದ್ದು ನಾನು. ಎರಡು ಸಲ ತಪ್ಪು ಬರೆದೆ. ಒಮ್ಮೆ ಗಾಳಿ ನಿಲ್ಲದೆ ಊದಿ ಹಾಲ್‌ನಲ್ಲಿದ್ದವರ ಮುಖವೆಲ್ಲ ಕಪ್ಪಾಯಿತು. ದೊಡ್ಡಕ್ಕ ನನ್ನನ್ನು ನೋಡಿ, "ಈಗ್ ನೋಡು, ಕೆಲ್ಸ ಮಾಡ್ದೋಳಂಗೆ ಕಾಣ್ತಿದೀಯ ಕಣಮ್ಮ" ಎಂದಳು.

ಕಟ್ಟುವುದು, ತಿರುಚುವುದು ಹೆಂಗಸರ ಪಾಲಿಗೆ ಬಂತು. ಮೊದಲ ದಿನದ ನೂಲು ಎಣ್ಣೆ ಕುಡಿದು ಬಿದಿರಿಗೆ ಕಲೆ ಹತ್ತಿಸಿತು. ನೂಲನ್ನು ಇನ್ನಷ್ಟು ತುದಿಗೆ ಕಟ್ಟಿದೆವು. ಆಮೇಲೆ ಕಟ್ಟು ಬಿಗಿಯಾಗಿ ನಡುವಿನ ಕಡ್ಡಿ ಪೇಲವವಾಯಿತು. ತಿರುಚುವ ಹದ ಕೈಗೆ ಕೂರುವವರೆಗೆ ಮಾಲೀಕರು ಪ್ರತಿ ಕಟ್ಟಿನಿಂದ ಒಳಗಿನ ಕಡ್ಡಿಯನ್ನೇ ಎಳೆದು ಮೂಗಿಗೆ ಹಿಡಿದು, ತಲೆಯಾಡಿಸಿ ವಾಪಸು ಕೊಡುತ್ತಿದ್ದರು. ಒಂದು ಸಂಜೆ ಮೂಸಿದರು, ಇನ್ನೊಂದು ಮೂಸಿದರು, ಕಡ್ಡಿಯನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಹೊರಟುಹೋದರು. ಆಯಿತು ಎಂದು ನಮಗೆ ತಿಳಿಯಿತು. ಮರುದಿನವೇ ಒಂದು ಮಾದರಿ ಸರಕು ಗಿರಾಕಿಗೆ ಹೋಯಿತು. ಅವರು ಒಪ್ಪಿದರೆ ಪ್ಯಾಕಿಂಗ್ ಇಲ್ಲೇ, ಇಲ್ಲದಿದ್ದರೆ ಶನಿವಾರವೇ ಕೊನೆ.

ಉತ್ತರ ಬರಲಿಲ್ಲ. ದಿನಗಳು ಹೋದವು, ಕೊನೆಯ ಶನಿವಾರ ಬಂತು. ಹೆಂಗಸರು ಎಂದಿನಂತೆ ಬಂದು ಎಂದಿನಂತೆ ಕಟ್ಟಿದರು. ಬೀಳ್ಕೊಡುವ ಊಟವೆಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಮನೆಯಿಂದ ಅಡುಗೆ ತಂದಿದ್ದರು. ಯಾರೋ ಪುಳಿಯೋಗರೆ, ಯಾರೋ ಕಡುಬು, ದೊಡ್ಡಕ್ಕ ಹುರುಳಿಕಾಳಿನ ಸಾರು. ಒಣಗಿಸುವ ಹಾಲ್‌ನಲ್ಲೇ ಮೇಜುಗಳನ್ನು ಸೇರಿಸಿ ಎಲೆ ಹಾಕಿದ್ದರು. ನನಗೂ ಒಂದು ಎಲೆ. ತುತ್ತು ಕಲಸಿದೆ, ಎತ್ತಲು ಆಗಲಿಲ್ಲ.

ಮಾಲೀಕರು ಬಾಗಿಲಲ್ಲಿ ಬಂದು ನಿಂತರು. ಕೈಯಲ್ಲಿ ಫೋನಿತ್ತು. ಎಲ್ಲರೂ ಎದ್ದು ನಿಲ್ಲಲು ಹೋದರು, ಅವರು ಬೇಡವೆಂದು ಕೈ ಮಾಡಿದರು. ಇಷ್ಟೇ ಹೇಳಿದರು:

"ಸೋಮವಾರ ಎಲ್ರೂ ಬನ್ನಿ."

ಯಾರೂ ಕೂಗಲಿಲ್ಲ, ಕುಣಿಯಲಿಲ್ಲ. ಒಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ದೊಡ್ಡಕ್ಕ ಎದ್ದು ಇನ್ನೊಂದು ಎಲೆ ಹಾಕಿ ನೀರು ಚಿಮುಕಿಸಿ, "ಬರ್ದೆ ಇನ್ನೆಲ್ಲೋಗಾನ ಸಾರ್. ಕೂತ್ಕಳಿ, ಸಾರು ಆರೋಯ್ತದೆ" ಎಂದಳು. ಅವರು ಕೂತರು. ಅಷ್ಟು ವರ್ಷಗಳಲ್ಲಿ ಅವರು ಆ ಹಾಲ್‌ನಲ್ಲಿ ಉಂಡದ್ದು ಅದೇ ಮೊದಲು.

ನಾನು ಎಂಜಲು ಕೈಯಲ್ಲೇ ಹೊರಗೆ ಹೋಗಿ, ಎಡಗೈಯಿಂದ ಮೇಟಗಳ್ಳಿಯವರಿಗೆ ಫೋನ್ ಮಾಡಿದೆ. ಸರಕು ಒಪ್ಪಿಗೆಯಾಯಿತು ಎಂದೆ, ನಿಮ್ಮ ಉಪಕಾರ ಮರೆಯುವುದಿಲ್ಲ ಎಂದೆ, ಇನ್ನೂ ಏನೇನೋ ಹೇಳಲು ಹೋಗಿ ಅತ್ತುಬಿಟ್ಟೆ. ಅವರು ನಾನು ಸುಧಾರಿಸಿಕೊಳ್ಳುವವರೆಗೆ ಕಾದರು.

"ಎಣ್ಮಕ್ಳು ಎಲ್ರೂ ಅವ್ರಾ?" ಎಂದು ಕೇಳಿದರು.

ಕಿಟಕಿಯಿಂದ ಒಳಗೆ ನೋಡಿದೆ. "ಎಲ್ರೂ ಇದಾರೆ ಸಾರ್. ಊಟ ಮಾಡ್ತಿದಾರೆ."

"ಅಷ್ಟು ಸಾಕು ಬುಡಿ. ಓಗಿ, ನೀವೂ ಉಣ್ಣಿ" ಎಂದರು.